ಮೂರನೇ ಅತ್ತೆಗೆ ಅರ್ಧ ಸೇರು

ನನಗೆ ಮೂವರು ಅತ್ತೆಯರು. ಮೂವರನ್ನೂ ನಮ್ಮೂರು ಉಮ್ಮಚಗಿಯ ಆಸುಪಾಸಿನ ಊರುಗಳಿಗೇ ಕೊಟ್ಟಿದ್ದರು. ದೊಡ್ಡಹಬ್ಬಕ್ಕೆ ಅವರ ಮನೆಗಳಿಗೆ ತುಪ್ಪ ಕಳಿಸುವುದು ಅಜ್ಜನ ಪದ್ಧತಿ. 1961ರ ದೀಪಾವಳಿಗೆ ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ಒಂದೇ ಇತ್ತು, ತುಪ್ಪ ಒಟ್ಟಾದದ್ದು ಎರಡೇ ಸೇರು. ಜಗಲಿಯಲ್ಲಿ ಪಾಟಿ ಹಿಡಿದು ಕೂತಿದ್ದ ನನಗೆ ಅಜ್ಜ ಕೇಳಿದ.

"ತಮಾ, ಎರಡು ಸೇರು ತುಪ್ಪ ಇದ್ದು. ಮನೆಗೆ ಮುಕ್ಕಾಲು ಸೇರು ಕೊಡವು. ಎಷ್ಟು ಮನೆಗೆ ಆತು?"

ಅದೇ ವಾರ ಶಾಲೆಯಲ್ಲಿ ಭಿನ್ನರಾಶಿಯ ಭಾಗಾಕಾರ ಹೇಳಿಕೊಟ್ಟಿದ್ದರು. ಮುಕ್ಕಾಲನ್ನು ತಲೆಕೆಳಗು ಮಾಡಿದೆ, ಗುಣಿಸಿದೆ, ಎಂಟನ್ನು ಮೂರರಿಂದ ಭಾಗಿಸಿದೆ. ಎರಡು ಪೂರ್ಣಾಂಕ ಮೂರನೇ ಎರಡು ಎಂದೆ.

"ಮೂರನೇ ಎರಡು ಮನೆ ಅಂದ್ರೆ ಎಂತ ಮನೆ ಅದು? ಮಾಡು ಹಾರಿಹೋದ ಮನೆಯನ?" ಎಂದು ಅಜ್ಜ ನಕ್ಕ. "ತುಪ್ಪ ಎಷ್ಟು ಉಳತ್ತು, ಅದನ್ನ ಹೇಳು."

ನಾನು ಧೈರ್ಯವಾಗಿ "ಮೂರನೇ ಎರಡು ಸೇರು" ಎಂದೆ.

ಅಜ್ಜ ಮಾತಾಡಲಿಲ್ಲ. ಒಳಗಿಂದ ಹಿತ್ತಾಳೆಯ ಪಾವು ತರಿಸಿ ಅಳೆದ. ಲಾಭ, ಎರಡು, ಮೂರು. ಒಂದು ತಂಬಿಗೆಗೆ. ಮತ್ತೆ ಲಾಭ, ಎರಡು, ಮೂರು. ಇನ್ನೊಂದು ತಂಬಿಗೆಗೆ. ಭರಣಿಯ ತಳದಲ್ಲಿ ಉಳಿದದ್ದು ಎರಡು ಪಾವು. "ಅರ್ಧ ಸೇರು," ಎಂದು ನನ್ನ ಮುಖ ನೋಡಿದ. ಆ ಅರ್ಧ ಸೇರು ಕಿರಿಯ ಅತ್ತೆಗೆ ಹೋಯಿತು. ಅವಳು ಮುಂದೆ ಎಷ್ಟೋ ವರ್ಷ, ಹಬ್ಬ ಬಂದಾಗಲೆಲ್ಲ, ತನಗೆ ಆ ಸಲ ಮೂರರಲ್ಲಿ ಎರಡು ಪಾಲಷ್ಟೇ ಬಂದದ್ದನ್ನು ಎತ್ತಿ ಆಡುತ್ತಿದ್ದಳು.

ಅತ್ತೆಯ ಆ ದೂರು ನನ್ನ ಪಾಟಿಯ ಮೇಲಿನ ಉತ್ತರವೇ ಆಗಿತ್ತು ಎಂದು ಹೊಳೆಯಲು ನನಗೆ ಹದಿನೈದು ವರ್ಷ ಬೇಕಾಯಿತು. ಅಷ್ಟರಲ್ಲಿ ನಾನೇ ಮಾಸ್ತರನಾಗಿದ್ದೆ. ಉಳಿದ ತುಪ್ಪ ಸೇರಿನ ಲೆಕ್ಕದಲ್ಲಿ ಅರ್ಧ, ಪಾಲಿನ ಲೆಕ್ಕದಲ್ಲಿ ಮೂರನೇ ಎರಡು. ಅಜ್ಜನದೂ ಸರಿ, ಪಾಟಿಯದೂ ಸರಿ. ನಾನು ತಪ್ಪಿದ್ದು ಮೂರನೇ ಎರಡರ ಮುಂದೆ 'ಸೇರು' ಎಂದು ಸೇರಿಸಿ ಹೇಳಿದ್ದರಲ್ಲಿ. ಮೂವತ್ತೈದು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ. ಭಿನ್ನರಾಶಿಯ ಹೇಳಿಕೆ ಲೆಕ್ಕದಲ್ಲಿ ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ಇದೇ ಕಲ್ಲಿಗೆ. ಈ ಕಲ್ಲು ನಮ್ಮೂರಿನ ದಾರಿಗೆ ಯಾವಾಗ ಬಂತು, ಮೊದಲು ಇತ್ತೋ ಇಲ್ಲವೋ ಎಂದು ಹುಡುಕುತ್ತಾ ಹೋದದ್ದರ ಕತೆ ಇದು.

ನನ್ನ ಪ್ರಾಯದವರಿಗೆ ಒಂದು ವಿಚಿತ್ರ ಭಾಗ್ಯ ಇತ್ತು. ನಾನು ಒಂದನೇ ಇಯತ್ತೆಗೆ ಸೇರಿದಾಗ ನಮ್ಮದು ಮುಂಬಯಿ ರಾಜ್ಯ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯವಾಯಿತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ಹಾಲುಹಲ್ಲು ಪೂರ್ತಿ ಬೀಳುವಷ್ಟರಲ್ಲಿ ನಮ್ಮ ರಾಜ್ಯ, ದುಡ್ಡು, ತೂಕ ಮೂರೂ ಬದಲಾಗಿದ್ದವು. ರಾಜ್ಯ ಬದಲಾದದ್ದಕ್ಕೆ ಊರಲ್ಲಿ ಸಂತೋಷ ಇತ್ತು. ದುಡ್ಡು ಬದಲಾದದ್ದಕ್ಕೆ ಗೊಣಗಾಟ ಇತ್ತು. ಒಂದು ಆಣೆಗೆ ಆರೂಕಾಲು ನಯಾಪೈಸೆ. ಆ ಕಾಲನ್ನು ಯಾರ ಜೇಬಿಗೆ ಹಾಕುವುದು?

ಹಳೆಯ ರೂಪಾಯಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಅಂದರೆ ರೂಪಾಯಿಗೆ 192 ಪೈ. ಸೇರಿಗೆ 4 ಪಾವು, ಪಾವಿಗೆ 4 ಚಟಾಕು, ಅಲ್ಲೂ 16. ಎಕರೆಗೆ 40 ಗುಂಟೆ, ಗುಂಟೆಗೆ ಮತ್ತೆ 16 ಆಣೆ. 33 ಅಡಿ ಉದ್ದ 33 ಅಡಿ ಅಗಲದ ಒಂದು ಗುಂಟೆ ತೋಟದಲ್ಲೂ ರೂಪಾಯಿಯ ಆಣೆಯೇ ಕೂತಿತ್ತು. ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ ಇವು ಪುಸ್ತಕದ ಭಿನ್ನಗಳಾಗಿರಲಿಲ್ಲ. ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ ಪಾತ್ರೆಗಳಾಗಿದ್ದವು, ಅಪ್ಪಯ್ಯನ ಪಂಚೆಯ ಗಂಟಿನಲ್ಲಿದ್ದ ನಾಣ್ಯಗಳಾಗಿದ್ದವು. ಮುಕ್ಕಾಲು ರೂಪಾಯಿಯಲ್ಲಿ ಅರೆಕಾಲು ರೂಪಾಯಿ ಎಷ್ಟು ಸಲ ಎಂದು ಕೇಳಿದರೆ ಯಾರೂ ಅಂಶ, ಛೇದ ಎನ್ನುತ್ತಿರಲಿಲ್ಲ. ಹನ್ನೆರಡಾಣೆಯಲ್ಲಿ ಎರಡಾಣೆ ಆರು ಸಲ. ಮುಗಿಯಿತು. ಭಾಗಾಕಾರ ಇತ್ತು, ಭಿನ್ನರಾಶಿ ಕಾಣಿಸುತ್ತಲೇ ಇರಲಿಲ್ಲ.

ಆ 192ಕ್ಕೆ ಇನ್ನೊಂದು ಗುಣ ಇತ್ತು, ಅದು ಮೂರರಿಂದ ಭಾಗವಾಗುತ್ತದೆ. ಅಣ್ಣತಮ್ಮಂದಿರ ಹಿಸ್ಸೆಯ ಹಳೆಯ ಕಾಗದಗಳಲ್ಲಿ '5 ಆಣೆ 4 ಪೈ ಪಾಲು' ಎಂದು ಬರೆದದ್ದನ್ನು ನೋಡಿದವರು ಇದ್ದಾರು. ಅದು ಮೂರರಲ್ಲಿ ಒಂದು ಪಾಲು. 5 ಆಣೆ 4 ಪೈ ಎಂದರೆ 64 ಪೈ. ಮೂರು ಸಲ ಕೂಡಿಸಿದರೆ ಸರಿಯಾಗಿ ಹದಿನಾರಾಣೆ, ಒಂದು ಪೈ ಆಚೆ ಇಲ್ಲ, ಈಚೆ ಇಲ್ಲ. ಆ ಮೂರನೇ ಪಾಲಿನವನು ತನ್ನ ನಾಲ್ಕು ಮಕ್ಕಳಿಗೆ ಹಂಚಿದರೆ ತಲಾ 16 ಪೈ, ಅಂದರೆ ಒಂದಾಣೆ ನಾಲ್ಕು ಪೈ. ಪಾಲು ಪಂಚಾಯ್ತಿಯಲ್ಲಿ ಕೂತ ಹಿರಿಯರು ಇದನ್ನು ಕವಳ ಹಾಕುತ್ತಾ ಬಾಯಲ್ಲೇ ಮಾಡುತ್ತಿದ್ದರು. ಈಗ ನೂರು ಪೈಸೆಯನ್ನು ಮೂವರಿಗೆ ಹಂಚಲು ಹೋಗಿ. ಮೂವತ್ತಮೂರು, ಚುಕ್ಕೆ, ಮೂವತ್ತಮೂರು, ಮತ್ತೆ ಮುಗಿಯುವುದೇ ಇಲ್ಲ. ದಶಮಾಂಶ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅಂಗಡಿಯ ಲೆಕ್ಕವನ್ನು ಅದು ಹಗುರ ಮಾಡಿತು. ಆದರೆ ಅಂಗಡಿಯಲ್ಲಿ ಪುಕ್ಕಟೆಯಾಗಿ ನಡೆಯುತ್ತಿದ್ದ ಭಿನ್ನರಾಶಿಯ ಪಾಠ ಅದರೊಡನೆ ನಿಂತುಹೋಯಿತು. 2011ರ ಜೂನ್ 30ಕ್ಕೆ 25 ಪೈಸೆಯ ನಾಣ್ಯವೂ ಚಲಾವಣೆಯಿಂದ ಹೋದ ಮೇಲೆ 'ನಾಲ್ಕಾಣೆ' ಎಂಬ ಮಾತಿಗೆ ಕೈಯಲ್ಲಿ ಹಿಡಿಯುವ ವಸ್ತುವೇ ಉಳಿಯಲಿಲ್ಲ.

ಇದೆಲ್ಲ ಶಾಲೆ ಹೇಳಿಕೊಟ್ಟದ್ದೇ, ಮನೆ ಹೇಳಿಕೊಟ್ಟದ್ದೇ? 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೆ ನಿಮ್ಮಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳು ಎಂದು ಪಟ್ಟಿ ಕೇಳಿದ. ಆಗ ನಮ್ಮ ಘಟ್ಟದ ಮೇಲಿನ ಸೀಮೆಯೂ ಕೆನರಾ ಜಿಲ್ಲೆಯಲ್ಲೇ ಇತ್ತು, ಕೆನರಾ ಮದ್ರಾಸಿಗೆ ಸೇರಿತ್ತು. ಮಿಕ್ಕ ಜಿಲ್ಲೆಗಳು ಪಟ್ಟಿ ತುಂಬಿ ಕಳಿಸಿದರೆ ಕೆನರಾದ ಪ್ರಿನ್ಸಿಪಾಲ್ ಕಲೆಕ್ಟರ್ ಆ ವರ್ಷದ ಆಗಸ್ಟಿನಲ್ಲಿ ಬರೆದ ಉತ್ತರದ ಸಾರಾಂಶ ಇಷ್ಟು: ಇಲ್ಲಿ ನೆಲೆನಿಂತ ಶಾಲೆಗಳಿಲ್ಲ, ವಿದ್ಯಾಭ್ಯಾಸ ಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ. ಧರಂಪಾಲರು 1983ರಲ್ಲಿ ಅಚ್ಚು ಮಾಡಿಸಿದ ದಾಖಲೆಗಳ ಪುಸ್ತಕದಲ್ಲಿ ಈ ಪತ್ರ ಇದೆ. ತಮಾಷೆಯೆಂದರೆ 1799ರಲ್ಲಿ ಕೆನರಾಕ್ಕೆ ಕುಂಪಣಿಯ ಮೊದಲ ಕಲೆಕ್ಟರ್ ಆಗಿ ಬಂದವನು ಇದೇ ಮನ್ರೋ. ಕಲೆಕ್ಟರು ಮೈಗಳ್ಳತನದಿಂದ ಹಾಗೆ ಬರೆದನೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಗುಡ್ಡ, ಒಂದು ಹಳ್ಳ ದಾಟಬೇಕಾದ ಸೀಮೆ ಇದು. ಮಳೆಗಾಲದ ನಾಲ್ಕು ತಿಂಗಳು ಸಂಕ ದಾಟಿ ಮಕ್ಕಳನ್ನು ಯಾರು ಎಲ್ಲಿಗೆ ಕಳಿಸಿಯಾರು? ಅನುಕೂಲ ಇದ್ದವರು ಒಬ್ಬ ಐಗಳನ್ನು ಮನೆಯಲ್ಲೇ ಇಟ್ಟುಕೊಂಡು ಅಕ್ಕಪಕ್ಕದ ಹುಡುಗರನ್ನೂ ಕೂರಿಸುತ್ತಿದ್ದರು. ಮರಳಿನ ಮೇಲೆ ಬೆರಳು, ಬಾಯಲ್ಲಿ ಮಗ್ಗಿ. ಅದರಿಂದ ಹೊರಗೆ ಉಳಿದವರೇ ಬಹಳ, ಹೆಣ್ಣುಮಕ್ಕಳಂತೂ ಪೂರ್ತಿ ಹೊರಗೆ ಎಂಬುದನ್ನೂ ಮರೆಯಬಾರದು. ಹಳೆಯದನ್ನು ಹೊಗಳುವಾಗ ಕೈ ಸ್ವಲ್ಪ ಬಿಗಿ ಹಿಡಿಯಬೇಕು.

1862ರಲ್ಲಿ ಉತ್ತರ ಕೆನರಾ ಮುಂಬಯಿ ಇಲಾಖೆಗೆ ಹೋಯಿತು. ಸರಕಾರಿ ಕನ್ನಡ ಶಾಲೆಗಳು, ಇಯತ್ತೆಗಳು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಎಲ್ಲ ಆ ದಾರಿಯಿಂದ ಬಂದವು. ಅಜ್ಜ ಮುಲ್ಕಿ ಪಾಸಾಗಿರಲಿಲ್ಲ, ಕೂತಿದ್ದ. ಅವನು ಭಿನ್ನರಾಶಿಗೆ 'ಅಪೂರ್ಣಾಂಕ' ಎನ್ನುತ್ತಿದ್ದ, ಮರಾಠಿಯ ವಾಸನೆ. ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ, ಸವಾಯಿಕಿ, ದೀಡಕಿ ಎಂದು ಕಾಲು, ಅರ್ಧ, ಒಂದೂಕಾಲು, ಒಂದೂವರೆಗಳ ಮಗ್ಗಿಗಳೇ ಬೇರೆ ಇದ್ದವು. ನಮ್ಮಲ್ಲಿ ಕಾಲಿನ ಮಗ್ಗಿ, ಅರೆ ಮಗ್ಗಿ, ಮುಕ್ಕಾಲಿನ ಮಗ್ಗಿ. ಕಾಲೊಂದ್ಲ ಕಾಲು, ಕಾಲೆರಡ್ಲ ಅರೆ, ಕಾಲ್ಮೂರ್ಲ ಮುಕ್ಕಾಲು, ಕಾಲ್ನಾಲ್ಕ್ಲ ಒಂದು. ಮುಕ್ಕಾಲಿನ ಮಗ್ಗಿಯನ್ನು ಅಜ್ಜ ಹಿಂದುಮುಂದಾಗಿಯೂ ಹೇಳುತ್ತಿದ್ದ. ಹಿಂದುಮುಂದಾಗಿ ಹೇಳುವುದೆಂದರೆ ಮತ್ತೇನಲ್ಲ, ಮುಕ್ಕಾಲಿನಿಂದ ಭಾಗಿಸುವುದು. ಮುಕ್ಕಾಲು ಎಂಟ್ಲ ಆರು ಎಂದು ಬಾಯಿಗೆ ಬಂದವನಿಗೆ ಆರರಲ್ಲಿ ಮುಕ್ಕಾಲು ಎಷ್ಟು ಸಲ ಎಂಬುದನ್ನು ಬೇರೆ ಕಲಿಸಬೇಕಿಲ್ಲ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಈ ಮಗ್ಗಿಗಳು ಪಾಠದಿಂದ ಬಿದ್ದುಹೋಗಿದ್ದವು. ಬಾಯಿಪಾಠ ಬೇಡ, ತಿಳಿದು ಕಲಿಯಲಿ ಎಂದು ತೆಗೆದರು. ಒಳ್ಳೆಯ ಮಾತೇ. ಅದರ ಜಾಗದಲ್ಲಿ ಬಂದು ಕೂತ 'ತಲೆಕೆಳಗು ಮಾಡಿ ಗುಣಿಸು' ಎಂಬುದೂ ಬಾಯಿಪಾಠವೇ ಆಗಿತ್ತು, ಅರ್ಥ ಮಾತ್ರ ಇರಲಿಲ್ಲ.

ಈ ತಲೆಕೆಳಗಿನ ನಿಯಮ ಇಂಗ್ಲಿಷರು ತಂದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಅಲ್ಲ. ಅದು ನಮ್ಮ ರಾಜ್ಯದಲ್ಲೇ ಸಾವಿರದ ನೂರಾ ಎಪ್ಪತ್ತು ವರ್ಷ ಹಿಂದೆ ಬರೆದಿಟ್ಟದ್ದು, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಕಾಲದಲ್ಲಿ. ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದರು. ಅದರ ನೆರಳಚ್ಚು ಪ್ರತಿಯೊಂದು ನನಗೆ ನಿವೃತ್ತಿಯ ಹೊತ್ತಿಗೆ ಸಿಕ್ಕಿತು. ಇಂಗ್ಲಿಷು ಅಷ್ಟಕ್ಕಷ್ಟೆ, ಸಂಸ್ಕೃತ ಅದಕ್ಕಿಂತ ಅಷ್ಟಕ್ಕಷ್ಟೆ. ಶ್ರೀಮಾತಾ ಸಂಸ್ಕೃತ ಮಹಾಪಾಠಶಾಲೆ ಇರುವ ಊರಿನವನಾಗಿ ಹೀಗೆ ಹೇಳಿಕೊಳ್ಳಲು ನಾಚಿಕೆಯೇ.

ಭಾಜಕದ ಛೇದವನ್ನು ಅಂಶ ಮಾಡು, ಅಂಶವನ್ನು ಛೇದ ಮಾಡು, ಮುಂದೆ ಗುಣಾಕಾರದಂತೆಯೇ ಎಂಬುದು ಮಹಾವೀರನ ನಿಯಮದ ತಾತ್ಪರ್ಯ. ಅವನಿಗಿಂತ ಎರಡು ಶತಮಾನ ಹಿಂದಿನ ಬ್ರಹ್ಮಗುಪ್ತನಿಗೂ ಇದು ಗೊತ್ತಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಯಮ ಅಲ್ಲ, ಅದರ ಬೆನ್ನಿಗೇ ಬರುವ ಲೆಕ್ಕ. ಅರ್ಧ ಪಲ ಇಂಗಿಗೆ ಮುಕ್ಕಾಲು ಪಣ ಬಿದ್ದರೆ ಅದೇ ದರದಲ್ಲಿ ಒಂದು ಪಲ ಮಾರಿದವನಿಗೆ ಎಷ್ಟು ಬಂತು? ನೋಡಿ, ಇಲ್ಲಿ 'ಭಾಗಿಸು' ಎಂಬ ಮಾತೇ ಇಲ್ಲ. ಅರ್ಧಕ್ಕೆ ಇಷ್ಟಾದರೆ ಪೂರಾ ಒಂದಕ್ಕೆ ಎಷ್ಟು ಎಂದಷ್ಟೇ ಇದೆ. ಪೇಟೆಯಲ್ಲಿ ನಿಂತ ಯಾರಾದರೂ ಒಂದೂವರೆ ಪಣ ಎಂದು ಹೇಳಿಯಾರು. ಮುಕ್ಕಾಲನ್ನು ಅರ್ಧದಿಂದ ಭಾಗಿಸಿದ್ದು ಅವರಿಗೆ ತಿಳಿಯುವುದೂ ಇಲ್ಲ. ಮುಂದೆ 12ನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಗ್ರಂಥಕ್ಕೆ ಅವನಿಟ್ಟ ಹೆಸರನ್ನು ನೋಡಿ: ವ್ಯವಹಾರ.

ಮಹಾವೀರನ ಭಿನ್ನರಾಶಿಯ ಅಧ್ಯಾಯದ ಹೆಸರು 'ಕಲಾಸವರ್ಣ'. ಕಲೆ ಎಂದರೆ ಹದಿನಾರನೇ ಒಂದು ಭಾಗ, ಚಂದ್ರನಿಗೆ ಹದಿನಾರು ಕಲೆ ಇದ್ದ ಹಾಗೆ. ಸವರ್ಣ ಎಂದರೆ ಒಂದೇ ಬಣ್ಣದ್ದು. ಸವರ್ಣ ಎಂಬ ಶಬ್ದಕ್ಕೆ ಇವತ್ತು ನಮ್ಮ ಸೀಮೆಯಲ್ಲಿ ಬೇರೆ ಕಹಿ ಇದೆ. ಲೆಕ್ಕದಲ್ಲಿ ಮಾತ್ರ ಅದು ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುವ ಕೆಲಸ. ಈ ಹೆಸರನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಜಗಲಿಗೆ ಬಂದು ಕೂತೆ. ಎರಡು ಸೇರನ್ನು ಎಂಟು ಪಾವು ಮಾಡಿದ್ದು, ಮುಕ್ಕಾಲು ಸೇರನ್ನು ಮೂರು ಪಾವು ಮಾಡಿದ್ದು, ಎಂಟರಲ್ಲಿ ಮೂರು ಮೂರು ತೆಗೆದದ್ದು: ಅಜ್ಜ ಅವತ್ತು ಮಾಡಿದ್ದು ಅದೇ ಕಲಾಸವರ್ಣ. ಮಹಾವೀರನ ಕಲೆ, ಹಳೆಯ ಕನ್ನಡದ ವೀಸ, ರೂಪಾಯಿಯ ಆಣೆ, ಸೇರಿನ ಚಟಾಕು ಎಲ್ಲಕ್ಕೂ ಹದಿನಾರೇ ಮನೆ. ಆ ಮನೆಯ ಬಾಗಿಲು ಮುಚ್ಚಿದ್ದು ನಾನು ಚಿಕ್ಕವನಿದ್ದಾಗ.

ನಾನು ಕೆಲಸಕ್ಕೆ ಸೇರಿದ್ದು 1970ರಲ್ಲಿ. ಮೊದಲ ಐದಾರು ವರ್ಷ ನಾನೂ ತಲೆಕೆಳಗಿನ ಮಾಸ್ತರನೇ. ಹಲಗೆಯ ಮೇಲೆ ಮುಕ್ಕಾಲು ಭಾಗಿಸು ಎಂಟನೇ ಒಂದು ಎಂದು ಬರೆದು, ತಿರುಗಿಸಿ, ಗುಣಿಸಿ, ಆರು ಎಂದು ಕೆಳಗೆ ಗೆರೆ ಎಳೆದೆ. ಕೊನೆ ಕೊಯ್ಯುವವರ ಮನೆಯ ಹುಡುಗನೊಬ್ಬ ಹಿಂದಿನ ಸಾಲಿನಲ್ಲಿ ಎದ್ದು ನಿಂತ. "ಮಾಸ್ತರೇ, ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ರಾ? ಒಂದಕ್ಕಿಂತ ಸಣ್ಣದನ್ನ ಭಾಗ ಮಾಡಿ ಆರು ಹೆಂಗೆ ಬಂತು?" ಪ್ರಶ್ನೆ ಅಪ್ಪಟ. ನನ್ನಲ್ಲಿ ಉತ್ತರ ಇರಲಿಲ್ಲ. ನಿಯಮ ಹಾಗೇ ಇದೆ, ಬರಕೋ ಎಂದೆ. ಅವನು ಬರೆದುಕೊಂಡ. ಅವನ ಮುಖದಲ್ಲಿ ಆಗ ಬಂದ ಒಂದು ನಮೂನೆಯ ವಿನಯ ನನಗೆ ಹೊಡೆತದ ಹಾಗೆ ಬಿತ್ತು.

ಉತ್ತರ ಸಿಕ್ಕಿದ್ದು ಅಡಿಕೆ ಸುಲಿಯುವ ಕಾಲದಲ್ಲಿ, ನಮ್ಮ ಮನೆಯ ಅಂಗಳದಲ್ಲೇ. ರಾತ್ರಿ ಕಂದೀಲಿನ ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಏಳೆಂಟು ಹೆಂಗಸರು ಕೂತಿದ್ದರು, ಆ ಹುಡುಗನ ತಾಯಿಯೂ ಇದ್ದರು. ಸುಲಿದದ್ದನ್ನು ಕೊಳಗದಲ್ಲಿ ಅಳೆದು ಕೂಲಿ ಬರೆದಿಡುವುದು ಕ್ರಮ. ಅವತ್ತು ಕೊಳಗ ಪಕ್ಕದ ಮನೆಗೆ ಹೋಗಿತ್ತು. ಅಪ್ಪಯ್ಯ ಒಂದು ಸಣ್ಣ ಡಬ್ಬಿಯಲ್ಲಿ ಅಳೆಯತೊಡಗಿದ. ಒಬ್ಬಾಕೆ ನಗುತ್ತಾ ಇವತ್ತು ನಮ್ಮ ಲೆಕ್ಕ ಭಾರೀ ಆಯ್ತಲ್ಲ ಒಡೆಯಾ ಎಂದಳು. ಅಡಿಕೆ ಅಷ್ಟೇ, ಅಳತೆ ಸಣ್ಣದು, ಅದಕ್ಕೆ ಎಣಿಕೆ ದೊಡ್ಡದು. ಮರುದಿನ ಆ ಹುಡುಗನನ್ನು ಎಬ್ಬಿಸಿ ಕೇಳಿದೆ: ಮುಕ್ಕಾಲು ಕೊಳಗ ಅಡಿಕೆ ಇದೆ, ಅರೆಕಾಲು ಕೊಳಗದ ಡಬ್ಬಿ ಇದೆ, ಎಷ್ಟು ಸಲ ತುಂಬಬೇಕು? ಅವನು ಆರು ಎನ್ನಲು ಉಸಿರು ಎಳೆದುಕೊಳ್ಳುವಷ್ಟೂ ಹೊತ್ತು ಹಿಡಿಯಲಿಲ್ಲ.

ಅಲ್ಲಿಂದ ನಾನು ಕನ್ನಡದ ಮೇಲೆ ಕಣ್ಣಿಟ್ಟೆ, ಲೆಕ್ಕದ ಮೇಲಲ್ಲ. ತೊಡಕು 'ಭಾಗ' ಎಂಬ ಶಬ್ದದಲ್ಲೇ ಇದೆ. ಭಾಗ ಎಂದರೆ ತುಂಡು, ಪಾಲು, ಕಡಿಮೆಯಾದದ್ದು. 'ಅರ್ಧದಿಂದ ಭಾಗಿಸು' ಎಂದರೆ ಮಗು 'ಅರ್ಧ ಭಾಗ ಮಾಡು' ಎಂದೇ ಕೇಳಿಸಿಕೊಳ್ಳುತ್ತದೆ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸು ಎಂದರೆ ಎರಡರಿಂದ ಭಾಗಿಸಿ ಮುಕ್ಕಾಲು ಚಿಲ್ಲರೆ ಎಂದು ಬರೆಯುತ್ತದೆ. ಆದರೆ ನಮ್ಮ ಮಾತಿನಲ್ಲೇ ಇದಕ್ಕೆ ಮದ್ದೂ ಇದೆ. 'ಹಾಲನ್ನು ಅರ್ಧ ಮಾಡು' ಎಂದರೆ ಒಂದು ಅರ್ಥ, 'ಹಾಲನ್ನು ಅರ್ಧರ್ಧ ಸೇರು ಮಾಡು' ಎಂದರೆ ಬೇರೆಯೇ ಅರ್ಥ. ಮೊದಲನೆಯದಕ್ಕೆ ಎರಡು ಪಾತ್ರೆ ಸಾಕು, ಎರಡನೆಯದಕ್ಕೆ ಹಾಲು ಇದ್ದಷ್ಟು ಪಾತ್ರೆ ಬೇಕು. ಒಂದೂಮುಕ್ಕಾಲು ಸೇರು ಹಾಲನ್ನು ಅರ್ಧರ್ಧ ಸೇರು ಮಾಡಿದರೆ ಏಳು ಪಾವನ್ನು ಎರಡೆರಡು ಪಾವು ಮಾಡಿದಂತೆ: ಮೂರೂವರೆ. ಶಬ್ದವನ್ನು ಎರಡು ಸಲ ಹೇಳಿದ್ದೇ ಭಾಗಾಕಾರದ ಚಿಹ್ನೆ. ಒಂದೊಂದು, ಕಾಲುಕಾಲು, ಮುಕ್ಕಾಲುಮುಕ್ಕಾಲು. ಹಲಗೆಯ ಮೇಲೆ ಲೆಕ್ಕ ಬರೆದ ಮೇಲೆ ಮಕ್ಕಳಿಂದ ಅದನ್ನು ಈ ಜೋಡಿ ಮಾತಿನಲ್ಲಿ ಹೇಳಿಸತೊಡಗಿದೆ. ಅರ್ಧಕ್ಕರ್ಧ ತಪ್ಪು ಅಲ್ಲೇ ನಿಂತಿತು.

ಒಂದೂಮುಕ್ಕಾಲು ಮತ್ತು ಅರ್ಧ ಎಂಬ ಸಂಖ್ಯೆಗಳನ್ನು ಬೇಕೆಂದೇ ಎತ್ತಿಕೊಂಡೆ. ಲಿಪಿಂಗ್ ಮಾ ಎಂಬವರು 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದೇ ಲೆಕ್ಕ ಕೊಟ್ಟು, ಇದಕ್ಕೊಂದು ಹೇಳಿಕೆ ಲೆಕ್ಕ ಹೊಸೆಯಿರಿ ಎಂದು ಕೇಳಿದ್ದರು. ಅಮೆರಿಕದವರಲ್ಲಿ ಉತ್ತರವನ್ನು ಸರಿಯಾಗಿ ಮುಟ್ಟಿದವರು 9, ಸರಿಯಾದ ಹೇಳಿಕೆ ಲೆಕ್ಕ ಹೊಸೆದವರು ಒಬ್ಬರೇ. ಚೀನಾದವರಲ್ಲಿ 65 ಮಂದಿ ಹೊಸೆದರು. ಇದನ್ನು ಶಿಕ್ಷಕರ ಸಭೆಯೊಂದರಲ್ಲಿ ಯಾರೋ ಹೇಳಿದಾಗ ನಮ್ಮವರು ನಕ್ಕರು. ಹಾಗಾದರೆ ನಾವೂ ಒಂದೊಂದು ಹೊಸೆಯೋಣ ಎಂದಾಗ ಕೋಣೆ ಮೌನವಾಯಿತು. ನಾನು ಹೊಸೆದೆ, ಹಾಲಿನದೇ. ಜಾಣತನದಿಂದಲ್ಲ, ಎಮ್ಮೆ ಕಟ್ಟಿದ ಮನೆಯವನಾದದ್ದರಿಂದ.

ಇನ್ನು ತಲೆಕೆಳಗಿನ ನಿಯಮ. ಅದನ್ನು ನಾನು ಬಿಡಲಿಲ್ಲ, ಅದಕ್ಕೆ ಕಾಲು ಜೋಡಿಸಿದೆ. ಕನ್ನಡದಲ್ಲಿ ನಡೆಯುವ ಕಾಲೂ ಕಾಲೇ, ನಾಲ್ಕರಲ್ಲಿ ಒಂದೂ ಕಾಲೇ. ಸಂಸ್ಕೃತದ ಪಾದವೂ ಹಾಗೆಯೇ, ಪಾವು ಅದರಿಂದಲೇ ಬಂದದ್ದು. ಮುಕ್ಕಾಲು ಸೇರಿಗೆ ಆರು ರೂಪಾಯಿ, ಸೇರಿಗೆ ಎಷ್ಟು? ಹಸುವಿಗೆ ನಾಲ್ಕು ಕಾಲು, ಮೂರು ಕಾಲಿಗೆ ಆರು ರೂಪಾಯಿ ಕೊಟ್ಟಿದ್ದೇವೆ. ಒಂದು ಕಾಲಿಗೆ ಎರಡು. ನಾಲ್ಕು ಕಾಲಿಗೆ ಎಂಟು. ಮೂರರಿಂದ ಭಾಗಿಸಿದೆವು, ನಾಲ್ಕರಿಂದ ಗುಣಿಸಿದೆವು. ಮೇಲಿದ್ದ ಮೂರು ಕೆಳಕ್ಕೆ ಹೋದದ್ದು, ಕೆಳಗಿದ್ದ ನಾಲ್ಕು ಮೇಲಕ್ಕೆ ಬಂದದ್ದು ಇದೇ ಕಾರಣಕ್ಕೆ. ಇದನ್ನು ಕಂಡ ಮಗುವಿಗೆ ನಿಯಮ ಮರೆತರೂ ಭಯ ಇಲ್ಲ, ಮತ್ತೆ ಕಟ್ಟಿಕೊಳ್ಳುತ್ತದೆ. ಮೂರು ಕಾಲಿನ ಹಸುವಿನ ಚಿತ್ರ ಬರೆದು ನಕ್ಕು ಪೆಟ್ಟು ತಿಂದ ತರಗತಿಯೂ ಒಂದಿತ್ತು. ಪೆಟ್ಟು ಕೊಟ್ಟದ್ದು ಬೇಡವಾಗಿತ್ತು.

ನಮ್ಮ ತಾಲೂಕುಗಳಲ್ಲಿ ಹೇಳಿಕೆ ಲೆಕ್ಕಕ್ಕೆ ಬರ ಇಲ್ಲ, ಪುಸ್ತಕ ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ. ಆರೂಮುಕ್ಕಾಲು ಎಕರೆ ಬೆಟ್ಟ ಪೂರ್ತಿ ಸಿಕ್ಕವನ ತೋಟ ಎಷ್ಟು? ಮುಕ್ಕಾಲು ಎಕರೆ, 30 ಗುಂಟೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಕ್ಕಾಲು ಕಿಲೋ ಮೈಲುತುತ್ತ ಉಳಿದಿದೆ, ಹತ್ತು ಲೀಟರಿನ ಕೊಡ ಇದೆ, ಎಷ್ಟು ಕೊಡ ಔಷಧಿ? ಏಳೂವರೆ. ಇಲ್ಲಿ ಆ 'ವರೆ'ಗೆ ಬೆಲೆ ಇದೆ, ಅರ್ಧ ಕೊಡ ಔಷಧಿ ಇನ್ನೊಂದಷ್ಟು ಮರಕ್ಕೆ ಆದೀತು. ತುಪ್ಪದ ಲೆಕ್ಕದ ಮೂರನೇ ಎರಡು ಮನೆಗೆ ಬೆಲೆ ಇಲ್ಲ. ಏಳೂವರೆ ಚೀಲ ಅಡಿಕೆಯನ್ನು ಸೊಸೈಟಿಗೆ ಒಯ್ಯಬಹುದು, ಏಳೂವರೆ ಆಳನ್ನು ಕರೆಯಲಾಗದು. ಸಂಖ್ಯೆ ಒಂದೇ ಇದ್ದು ಉತ್ತರ ಬೇರೆಯಾಗುವ ಈ ವಿವೇಕವನ್ನು ಪರೀಕ್ಷೆಯ ಮಾದರಿ ಉತ್ತರಪತ್ರಿಕೆ ಎಂದೂ ಕೇಳಲಿಲ್ಲ. ಅಜ್ಜ ಕೇಳಿದ್ದ, "ಎಂತ ಮನೆ ಅದು?" ಎಂದು.

ನಾನು 2007ರಲ್ಲಿ ನಿವೃತ್ತನಾದೆ. ಈಗ ಮೊಮ್ಮಗಳು ಬೆಂಗಳೂರಿನಿಂದ ರಜೆಗೆ ಬಂದಾಗ ಏಳನೇ ತರಗತಿಯ ಪುಸ್ತಕ ತರುತ್ತಾಳೆ. ಅದರಲ್ಲಿ 'ವ್ಯುತ್ಕ್ರಮ' ಎಂಬ ಶಬ್ದ ಇದೆ, ಪಕ್ಕದಲ್ಲಿ ಬಣ್ಣದ ವೃತ್ತಗಳನ್ನು ಕತ್ತರಿಸಿ ತೋರಿಸಿದ ಚಿತ್ರಗಳಿವೆ. ನಮ್ಮ ಕಾಲದ ಪುಸ್ತಕಕ್ಕಿಂತ ಚೆನ್ನಾಗಿದೆ, ಸುಳ್ಳು ಹೇಳಬಾರದು. ಅವಳಿಗೆ ಅಜ್ಜನ ತುಪ್ಪದ ಲೆಕ್ಕ ಕೊಟ್ಟೆ. ಎರಡು ಪೂರ್ಣಾಂಕ ಮೂರನೇ ಎರಡು ಎಂದಳು, ಅರೆಕ್ಷಣದಲ್ಲಿ. ತುಪ್ಪ ಎಷ್ಟು ಉಳಿಯಿತು ಎಂದೆ. ಮೂರನೇ ಎರಡು ಸೇರು ಎಂದಳು. ಪಾವು ತರಲು ಅಟ್ಟಕ್ಕೆ ಹತ್ತಿದೆ. ತಳ ಸವೆದು ತೂತು ಬಿದ್ದಿದೆ, ತುಪ್ಪ ನಿಲ್ಲುವುದಿಲ್ಲ. ಅಕ್ಕಿಯಲ್ಲಿ ಅಳೆದೆವು.

ಅಟ್ಟದಲ್ಲಿ ಪಾವಿನ ಪಕ್ಕದಲ್ಲೇ ಅಜ್ಜನ ಅಂಕಗಣಿತದ ಪುಸ್ತಕ ಇತ್ತು. ರಟ್ಟು ಇಲ್ಲ, ಮೊದಲ ಹಾಳೆಗಳನ್ನು ವರಲೆ ತಿಂದಿದೆ, ಹಿಂಬದಿಯ ಕೋಷ್ಟಕಗಳು ಮಾತ್ರ ಉಳಿದಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಅಟ್ಟಗಳಲ್ಲಿ ಇಂಥವು ಇನ್ನೂ ಇರಬೇಕು. ಹಳೆ ಕಾಗದವೆಂದು ಬಚ್ಚಲ ಒಲೆಗೆ ಹಾಕುವ ಮೊದಲು ಹಿಂಬದಿಯ ಆ ನಾಲ್ಕು ಹಾಳೆಗಳನ್ನಾದರೂ ಹರಿದು ತೆಗೆದಿಡಿ. ಸಾಧ್ಯವಾದರೆ ನಿಮ್ಮೂರ ಶಾಲೆಯ ಮಾಸ್ತರರಿಗೋ ಅಕ್ಕೋರಿಗೋ ಕೊಡಿ.